ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿ!

ನಮ್ಮ ಸೋದರಮಾವ ಜೀವನದಲ್ಲಿ ಥಟ್ಟನೆ ಆರಿಸಿಕೊಂಡದ್ದು ಒಬ್ಬರನ್ನೇ, ನಮ್ಮ ಅತ್ತೆಯನ್ನು. ಅದೂ ಹೇಗೆ? ಹುಲಿಕಲ್ ಕಡೆಯ ಒಂದು ಮದುವೆ ಚಪ್ಪರದಲ್ಲಿ ಅವರು ಸೋಬಾನೆ ಹೇಳುವುದನ್ನು ಕೇಳಿ, ಮುಖವನ್ನೂ ಸರಿಯಾಗಿ ನೋಡದೆ ಒಪ್ಪಿಬಿಟ್ಟರಂತೆ. ಅವರ ಆರಿಸುವ ಶಕ್ತಿಯೆಲ್ಲ ಅವತ್ತೇ ಖರ್ಚಾಗಿ ಹೋಯಿತೆಂದು ಕಾಣುತ್ತದೆ! ಆಮೇಲೆ ಒಂದು ಕೊಡೆ ಕೊಳ್ಳುವುದಕ್ಕೂ ಮೂರು ಮಳೆಗಾಲ ನೆನೆದ ಆಸಾಮಿ.

ಮಾವ ತೀರ್ಥಹಳ್ಳಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಗೆ ಅವರ ತಲೆಗೊಂದು ಹುಳ ಹೊಕ್ಕಿತು. ಅತ್ತೆಯ ಸೋಬಾನೆಗಳನ್ನು ಟೇಪಿನಲ್ಲಿ ಹಿಡಿಯಬೇಕು, ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಗಳ ಸ್ಲೈಡ್ ಮಾಡಬೇಕು, ಗೋಡೆಯ ಮೇಲೆ ಚಿತ್ರ, ಜೊತೆಗೆ ಹಾಡು ಅಂತ ಊರೂರಿಗೆ ತೋರಿಸಬೇಕು. ಯೋಚನೆ ಚೆನ್ನಾಗಿಯೇ ಇತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಮದುವೆ ಗೊತ್ತಾದರೆ ಮೊದಲು ಅತ್ತೆಗೆ ಹೇಳಿಕಳಿಸುತ್ತಿದ್ದರು. ನೂರಾರು ಹಾಡು ಅವರ ಬಾಯಲ್ಲಿದ್ದವು, ಕಾಗದದ ಮೇಲೆ ಒಂದೂ ಇರಲಿಲ್ಲ. ಹಿಡಿದಿಡದಿದ್ದರೆ ಅವರ ಜೊತೆಗೇ ಹೋಗುವ ಹಾಡುಗಳು. ಒಂದು ಟೇಪ್ ರೆಕಾರ್ಡರ್, ಒಂದು ಪ್ರೊಜೆಕ್ಟರ್ ತಂದರೆ ಮುಗಿಯಿತಲ್ಲ? ಹಾಗಂತ ಅಂದುಕೊಂಡೆವು ನಾವು, ಪಾಪದವರು!

ಮಾವನ ಮೊದಲ ಕಾನೂನೇ ಬೇರೆ. ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಲು ಬಾರದ ಯಂತ್ರ ಕೊಂಡವನದಲ್ಲ, ಮಾಡಿದವನದು. ಆದ್ದರಿಂದ ಸಾಗರದ ಅಂಗಡಿಗೆ ಕಿಸೆಯಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೋದರು. ಬಾಲದಂತೆ ನಾನೂ ಹೋದೆ. ಅಂಗಡಿಯವರು ಪ್ರೀತಿಯಿಂದ ಹಾಡು ಹಾಕಿ ಕೇಳಿಸಿದರೆ, ಮಾವ ಟೇಪ್ ರೆಕಾರ್ಡರನ್ನು ಬೋರಲು ಹಾಕಿದರು.

"ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿ."

"ಅಲ್ಲ ಮೇಷ್ಟ್ರೆ, ಎಲ್ಲಾರೂ ಮುಂದೆ ನೋಡಿ ತಗೊಂಡ್ ಹೋಗ್ತಾರೆ. ನೀವೆಂತ ಹಿಂದೆ ನೋಡೋದು?"

"ಕೆಟ್ ಮೇಲೆ ಹಿಂದೇನೇ ನೋಡ್ಬೇಕಲ್ಲ ಮಾರಾಯ್ರೆ!"

ಬಿಚ್ಚಿದರು. ನೋಡಿದರು. ಮತ್ತೆ ಮುಚ್ಚಿದಾಗ ಒಂದು ಸ್ಕ್ರೂ ಮಿಕ್ಕಿತ್ತು! ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಬರುತ್ತದೆ ಎಂದು ಯಾರೋ ಹೇಳಿದ್ದೂ ಅದೇ ಹೊತ್ತಿಗೆ ನೆನಪಾಯಿತು. ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಪ್ರೊಜೆಕ್ಟರಿನ ಕಥೆ ಇನ್ನೂ ಘನವಾದದ್ದು. ಹೊಸನಗರದ ಸ್ನೇಹಿತರೊಬ್ಬರಿಂದ ಒಂದನ್ನು ಎರವಲು ತಂದು, ಜಗಲಿಯ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಅದರ ಜೊತೆಗೇ ಬಂದಿದ್ದ ಒಂದು ಮದುವೆ ಸ್ಲೈಡಿನ ಚಿತ್ರವನ್ನು ಪಂಚೆಯ ಮೇಲೆ ಬಿಟ್ಟರು. ನಮ್ಮೂರಿನ ಕರೆಂಟಿಗೆ ದೀಪ ಅರ್ಧ ಉರಿದು, ಮದುಮಗಳಿಗೆ ಕಾಮಾಲೆ ಬಂದ ಹಾಗಿತ್ತು. ಸ್ಲೈಡನ್ನು ತಲೆಕೆಳಗಾಗಿ ಬೇರೆ ಹಾಕಿದ್ದರು.

ಅತ್ತೆ ಕತ್ತು ವಾಲಿಸಿ ನೋಡಿ, "ಇದು ಯಾವ ಸೀಮೆ ಲಗ್ನ? ಹುಡುಗಿ ಮೇಲ್ನಿಂದ ಇಳೀತಾ ಇದ್ದಾಳೆ!" ಎಂದರು.

ಅದು ಸರಿಹೋಯಿತು ಅನ್ನುವಷ್ಟರಲ್ಲಿ ಪ್ರೊಜೆಕ್ಟರಿನ ಫ್ಯಾನಿನ ಗುಂಯ್ ಸದ್ದು ಹಾಡನ್ನೇ ಮುಚ್ಚಿಬಿಡುತ್ತದೆ ಎಂದು ಗೊತ್ತಾಯಿತು. ಫ್ಯಾನು ನಿಲ್ಲಿಸಿದರೆ ಸ್ಲೈಡು ಸುಟ್ಟು ಸುರುಟುತ್ತದೆ. ಇನ್ನು ಎರಡೂ ಯಂತ್ರಗಳ ಜಾತಕ ಕೂಡಿಬರಬೇಕು! ಮಾವ ಪರೀಕ್ಷೆಗೆಂದು ಅವರಿವರ ಟೇಪ್ ರೆಕಾರ್ಡರುಗಳನ್ನೂ ಒಂದೊಂದು ದಿನದ ಮಟ್ಟಿಗೆ ಎರವಲು ತರುತ್ತಾ, ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ದೀಪ, ಫ್ಯಾನು, ಮೋಟಾರು, ಮುಚ್ಚಳ ಎಂದು ಬರೆಯುತ್ತಾ ಕುಳಿತರು. ಬರೆದದ್ದು ಒಂದೆರಡು ವರ್ಷವಲ್ಲ, ಆರು ವರ್ಷ. ನನಗಂತೂ ಹತಾಶೆಯಿಂದ ಅಳುವಷ್ಟು ಸಿಟ್ಟು ಬರುತ್ತಿತ್ತು. ಅಷ್ಟರಲ್ಲಿ ಎಷ್ಟು ಮದುವೆಗಳಾದವು! ಅತ್ತೆ ಹಾಡಿದರು, ಚಪ್ಪರ ಕೇಳಿತು, ಚಪ್ಪರ ಬಿಚ್ಚಿದರು.

ಎರವಲು ತಂದ ಟೇಪ್ ರೆಕಾರ್ಡರುಗಳಿಗೆ ಮನೆಯಲ್ಲೇ ಹಾಡಬಹುದಿತ್ತಲ್ಲ ಎನ್ನುತ್ತೀರಾ? ನಾನೂ ಕೇಳಿದ್ದೆ. ಅತ್ತೆ ಕೆನ್ನೆ ಬಡಿದುಕೊಂಡು, "ಬಿಡ್ತು ಅನ್ನು! ಚಪ್ಪರ ಹಾಕ್ದೆ, ಹಸೆ ಬರೀದೆ, ಸುಮ್ಸುಮ್ನೆ ಸೋಬಾನೆ ಹೇಳ್ತಾರೇನಾ?" ಎಂದಿದ್ದರು. ಹಾಗಾಗಿ ಮಾವನ ಪರೀಕ್ಷೆಗೆ ಸಿಗುತ್ತಿದ್ದದ್ದು ಅತ್ತೆಯ ಬೈಗುಳವೊಂದೇ. ಇದ್ದದ್ದೂ ಒಂದೇ ಕ್ಯಾಸೆಟ್ಟು. ಹೊಸ ಬೈಗುಳ ಹಿಡಿದಾಗ ಹಳೆಯದು ಅಳಿಸಿಹೋಗುತ್ತಿತ್ತು.

ಆಮೇಲೆ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಹುಲಿಕಲ್ ಘಾಟಿ ಇಳಿದು ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ.

ಮನೆಗೆ ಬಂದ ಮುಂದಿನ ವಾರವೇ ಮಾವ ಸಾಗರಕ್ಕೆ ಹೊರಟರು. ನಾನೂ ಹೋದೆ. ಅದೇ ಅಂಗಡಿ. ಕಪಾಟಿನಲ್ಲಿ ಎದುರಿಗಿದ್ದ ಟೇಪ್ ರೆಕಾರ್ಡರಿಗೆ ಬೆರಳು ತೋರಿಸಿ, "ಅದು ಕೊಡಿ" ಎಂದರು.

ಅಂಗಡಿಯವರೇ ಗಾಬರಿಯಾಗಿ ಸ್ಕ್ರೂಡ್ರೈವರ್ ತೆಗೆದರು. "ಮೇಷ್ಟ್ರೆ, ಹಿಂದೆ ನೋಡಲ್ವಾ?"

"ಬೇಡ."

ಬಸ್ಸಿನಲ್ಲಿ ನಾನು ತಡೆಯಲಾರದೆ, "ಪ್ರೊಜೆಕ್ಟರು ಬೇಡ್ವಾ ಮಾವ?" ಎಂದೆ.

"ನೋಡಕ್ಕೆ ಅವಳೇ ಇದ್ದಾಳಲ್ಲ ಮಾರಾಯ" ಎಂದು ಕಿಟಕಿಯ ಕಡೆ ತಿರುಗಿದರು.

ಆ ಒಂದು ಕ್ಯಾಸೆಟ್ಟಿನಲ್ಲಿ ಅಳಿಸದೆ ಉಳಿದದ್ದು ಕೊನೆಯ ಪರೀಕ್ಷೆ ಮಾತ್ರ. "ಹೋಯ್, ಸಾರು ಆರಿ ಹೋಗ್ತದೆ. ಬರ್ತೀರೋ, ಬೆಕ್ಕಿಗೆ ಹಾಕ್ಲೋ?" ಅದಕ್ಕೆ ಮಾವನ ಉತ್ತರ, "ತಡಿಯೇ, ಪರೀಕ್ಷೆ ಆಗ್ತಾ ಇದೆ." ನೂರಾರು ಹಾಡಿನ ಬದಲಿಗೆ ಲೋಕಕ್ಕೆ ಉಳಿದದ್ದು ಇಷ್ಟು!

ಈಗ ಆ ಟೇಪ್ ರೆಕಾರ್ಡರ್ ಅವರ ಅಡುಗೆಮನೆಯ ಕಟ್ಟೆಯ ಮೇಲಿದೆ. ಮಧ್ಯಾಹ್ನ ಎಲೆ ಹಾಕಿ, ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತುತ್ತಾರೆ. ಸಾರು ಆರಿಹೋಗುವ ಸುದ್ದಿ ಜಗಲಿಗೆ ಕೇಳಿಸುತ್ತದೆ. ಟೇಪಿನೊಳಗಿನ ಮಾವ "ತಡಿಯೇ" ಅನ್ನುವುದರೊಳಗೆ, ಜಗಲಿಯ ಮಾವ "ಬಂದೆ, ಬಂದೆ" ಎನ್ನುತ್ತಾ ಎಲೆಯ ಮುಂದೆ ಕೂತಿರುತ್ತಾರೆ.