ಮೇಘನಾಳ ಕಿವಿಯಲ್ಲಿ ನಾನು

ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಮಾಡುವವರು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಕಾಲ ನಿಜವಾದ ಮನುಷ್ಯರ ಎದುರು ಕೂತು ಪಳಗಬೇಕು. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ನಮ್ಮ ಆಪ್ತಸಲಹಾ ಕೇಂದ್ರದಲ್ಲಿ ಅವರನ್ನು ಪಳಗಿಸುವ ಘನಕಾರ್ಯ ನನ್ನದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ಬೆಂಗಳೂರಿನಲ್ಲಿ ಒಬ್ಬರಾದರೂ ದೃಢವಾಗಿ ನಂಬಿದ್ದರು. ಆ ಒಬ್ಬರು ನಾನೇ.

ಈ ಸಲ ಬಂದ ಇಂಟರ್ನ್ ಮೇಘನಾ. ಬಲು ಜಾಣೆ. ಆದರೆ ಎದುರು ಕೂತವರು ಕಣ್ಣೊರೆಸಿಕೊಂಡರೆ ಇವಳೂ ಒರೆಸಿಕೊಳ್ಳುತ್ತಿದ್ದಳು. ಮಾತು ಸಿಕ್ಕದೆ ಕಂಗಾಲಾಗುತ್ತಿದ್ದಳು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವಳ ಕಿವಿಗೆ ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ, ನಾನು ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ಎಲ್ಲವನ್ನೂ ನೋಡುತ್ತಾ ಮೈಕಿನಲ್ಲಿ ಹೇಳಿಕೊಡುವುದು. ಬಂದವರಿಗೂ ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುತ್ತಿದ್ದೆವು.

"ನಾನು ಹೇಳಿದ್ದನ್ನ ಹಾಗೇ ಹೇಳು. ಯೋಚನೆ ಮಾಡೋ ಕೆಲಸ ನನಗೆ ಬಿಡು," ಎಂದೆ.

"ಸರಿ ಮೇಡಂ," ಎಂದಳು. ಪಾಪ, ನಂಬಿಬಿಟ್ಟಳು!

ಅಂದು ಬೆಳಿಗ್ಗೆ ಬಂದವರನ್ನು ಮಲ್ಲೇಶಪ್ಪ ಎಂದಿಟ್ಟುಕೊಳ್ಳೋಣ. ಅವೆನ್ಯೂ ರಸ್ತೆಯಲ್ಲಿ ಅಣ್ಣನ ಜೊತೆ ಮದುವೆ ಕಾರ್ಡಿನ ಅಂಗಡಿ ನಡೆಸುವವರು. ಯಾರಿಗೂ "ಬೇಡ" ಅನ್ನಲಾರರು. ರಾತ್ರಿ ನಿದ್ದೆಯಿಲ್ಲ. ಅಂಗಡಿಯ ಬೀಗದ ಕೈಯನ್ನೂ ಜವಾಬ್ದಾರಿಯನ್ನೂ ಅಣ್ಣ ಇವರ ತಲೆಗೆ ಕಟ್ಟಿದ್ದಾನೆಂದು ಹೇಳಿಕೊಳ್ಳುತ್ತಿದ್ದರು. ನಾನು ಮೈಕಿನ ಗುಂಡಿ ಒತ್ತಿ, "ಅದರಿಂದ ನಿಮಗೆ ಏನನ್ಸುತ್ತೆ ಅಂತ ಕೇಳು," ಎಂದೆ. ಮೇಘನಾ ಕೇಳಿದಳು. ಎಲ್ಲ ಸಾಂಗವಾಗಿ ಸಾಗಿತ್ತು.

ಆಗ ನಮ್ಮೆಜಮಾನರ ಫೋನು ಬಂತು. ಮಧ್ಯಾಹ್ನ ನೆಂಟರು ಊಟಕ್ಕೆ ಬರುವವರಿದ್ದರು. ಎಣ್ಣೆಗಾಯಿಗೆ ಬದನೇಕಾಯಿ ತರಲು ಇವರನ್ನು ಕಳಿಸಿದ್ದೆ. ಗುಂಡಿಯನ್ನು ಮತ್ತೆ ಒತ್ತಿ ಮೈಕು ಆರಿಸಿದೆ ಎಂದುಕೊಂಡೇ ಕಿಟಕಿಯ ಕಡೆ ತಿರುಗಿದೆ. ಸರಿಯಾಗಿ ಒತ್ತಿರಲಿಲ್ಲ!

ಮಾತು ಮುಗಿಸಿ ತಿರುಗಿದರೆ ಪರದೆಯ ಮೇಲೆ ಮಲ್ಲೇಶಪ್ಪನವರ ಕುರ್ಚಿ ಖಾಲಿ. ಮೇಘನಾ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮುಖ ದೀಪದಂತೆ ಬೆಳಗುತ್ತಿತ್ತು.

"ಮೇಡಂ, ಏನ್ ಧೈರ್ಯ ನಿಮ್ದು! ಒಳಗೆ ಹುಳ ಇದೆಯಾ ನೋಡಿದ್ರಾ ಅಂತ ನೀವು ಕೇಳಿಸಿದ್ರಲ್ಲ, ಅವರು ಶಾಕ್ ಆಗ್ಬಿಟ್ರು. 'ಇದೆ ಮೇಡಂ, ಕೊರೀತಾನೇ ಇದೆ' ಅಂದ್ರು."

ಮೈಕಿನ ಕಡೆ ನೋಡಿದೆ, ಆರಿಯೇ ಇರಲಿಲ್ಲ. "ಆಮೇಲೆ?"

"ಎಲ್ಲದಕ್ಕೂ ತಲೆ ಅಲ್ಲಾಡಿಸಿದ್ರೆ ಹೀಗೇ ಆಗೋದು ಅಂದೆ. 'ನಿಜ' ಅಂತ ಅತ್ರು. ವಾಪಸ್ ಕೊಟ್ಟು ಬನ್ನಿ ಅಂದೆ. ಏನನ್ನ ಅಂತ ಕೇಳಿದ್ರು. ಅಷ್ಟೂ ಗೊತ್ತಾಗಲ್ವಾ ನಿಮಗೆ, ಮುಖ ನೋಡ್ಕೊಂಡು ನಿಂತ್ಕೋಬೇಡಿ, ಈಗಲೇ ಹೋಗಿ ಅಂದೆ. ಹೋದ್ರು!"

"ಮೇಘನಾ, ಅದು ಬದನೇಕಾಯಿ!"

ದೀಪ ಆರಿತು. "ಹೀಗೆ ಮಾಡಿ ಅಂತ ಯಾರಿಗೂ ಅಪ್ಪಣೆ ಕೊಡಬಾರದು ಅಂತ ನೀವೇ ಕಲಿಸಿದ್ರಿ ಮೇಡಂ. ಆದ್ರೆ ಯೋಚನೆ ನಿಮಗೆ ಬಿಡು ಅಂದಿದ್ರಲ್ಲಾ..."

ಮಲ್ಲೇಶಪ್ಪ ಏನನ್ನು ವಾಪಸ್ ಕೊಡಲು ಹೋದರು? ಅಂಗಡಿಯ ಬೀಗದ ಕೈ! ಇನ್ನೇನಿದೆ? ಅಣ್ಣತಮ್ಮಂದಿರು ಅಂಗಡಿ ನಡುವೆ ಗೋಡೆ ಎಬ್ಬಿಸುವುದು, ವಾರಗಿತ್ತಿಯರು ಮಾತು ಬಿಡುವುದು, ಕೋರ್ಟಿನಲ್ಲಿ ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದು ಬದನೇಕಾಯಿ ತೋರಿಸುವುದು, ಎಲ್ಲವೂ ಕಣ್ಮುಂದೆ ಬಂತು. ಫೋನು ಮಾಡಿದರೆ ಎತ್ತಲಿಲ್ಲ. ಓಡಿಹೋಗಿ ತಡೆಯೋಣವೆಂದರೆ, ಬಂದವರ ಗುಟ್ಟು ಕಾಯಬೇಕಾದ ನಾವು ಅವರ ಅಂಗಡಿಯಲ್ಲಿ ಯಾರೆಂದು ಹೇಳಿಕೊಳ್ಳುವುದು?

"ಮದುವೆ ಕಾರ್ಡ್ ಮಾಡಿಸೋಕೆ ಬಂದಿದೀವಿ ಅನ್ನೋಣ," ಎಂದಳು ಮೇಘನಾ.

"ಯಾರ ಮದುವೆ?"

ಮನೆಯಲ್ಲಿ ನೆಂಟರು ನಾನಿಲ್ಲದೆಯೇ ಉಂಡರು. ನಾವಿಬ್ಬರೂ ಮತ್ತೆ ಮತ್ತೆ ಫೋನು ಮಾಡುತ್ತಾ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಅವಳು ಅತ್ತಳು. ಅತ್ತವರ ಎದುರು ಅಳಬಾರದೆಂದು ಕಲಿಸಿದ್ದ ನಾನೂ ಅತ್ತೆ!

ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಲ್ಲೇಶಪ್ಪ! ಕೆದರಿದ ತಲೆ, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಏನ್ ಮೇಡಂ, ಇಷ್ಟೊಂದು ಸಲ ಫೋನ್ ಮಾಡಿದೀರಾ? ಮಲಗ್ಬಿಟ್ಟಿದ್ದೆ."

"ಬೀಗದ ಕೈ... ಅಣ್ಣನಿಗೆ ಕೊಟ್ಟುಬಿಟ್ರಾ?" ಎಂದೆ.

"ಬೀಗದ ಕೈಯಾ? ಅದ್ಯಾಕೆ ಕೊಡ್ಲಿ? ನಾಯಿನ ಕೊಟ್ಟು ಬಂದೆ!"

ನಡೆದದ್ದು ಇಷ್ಟು. ತ್ಯಾಗರಾಜನಗರದಲ್ಲಿರುವ ಅವರ ಭಾಮೈದ, ಎರಡು ದಿನ ನೋಡಿಕೊಳ್ಳಿ ಭಾವ ಎಂದು ತನ್ನ ನಾಯಿಯನ್ನು ಬಿಟ್ಟುಹೋಗಿದ್ದ. ತಿಂಗಳುಗಳೇ ಕಳೆದರೂ ಒಯ್ಯಲಿಲ್ಲ. ಅದು ರಾತ್ರಿಯಿಡೀ ಬೊಗಳುತ್ತಿತ್ತು. ನಾಚಿಕೆಯಿಂದ ಇದನ್ನು ನಮಗೆ ಹೇಳಿರಲೇ ಇಲ್ಲ. ನಮ್ಮಲ್ಲಿಂದ ಎದ್ದು ನೇರ ಮನೆಗೆ ಹೋಗಿ, ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು, ಭಾಮೈದನ ಗೇಟಿನೊಳಗೆ ಬಿಟ್ಟು, "ಇನ್ನು ಆಗಲ್ಲಪ್ಪಾ" ಎಂದು ಹೇಳಿ ಬಂದಿದ್ದರು.

ಸದ್ಯ, ಗೋಡೆಯೂ ಕೋರ್ಟೂ ತಪ್ಪಿದವು. ಆದರೂ ಸುಳ್ಳಿನ ಮೇಲೆ ಚಿಕಿತ್ಸೆ ನಡೆಯದು. ಬದನೇಕಾಯಿಯ ವೃತ್ತಾಂತವನ್ನು ಪೂರ್ತಿ ಹೇಳಿ ಕ್ಷಮೆ ಕೇಳಿದೆ. ಅವರು ದಿಗ್ಭ್ರಮೆಯಿಂದ ನೋಡಿದರು.

"ಹಾಗಾದ್ರೆ... ನಾಯಿನ ವಾಪಸ್ ಕರ್ಕೊಂಡು ಬರ್ಬೇಕಾ?"

"ಬೇಡ!" ನಾವಿಬ್ಬರೂ ಒಟ್ಟಿಗೆ ಕಿರುಚಿದೆವು. ಯಾರಿಗೂ ಅಪ್ಪಣೆ ಕೊಡಬಾರದೆಂಬ ನಿಯಮ ಒಂದೇ ದಿನದಲ್ಲಿ ಎರಡನೇ ಸಲ ಮುರಿಯಿತು.

ಮಲ್ಲೇಶಪ್ಪ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣನ ವಿಷಯ ಇನ್ನೂ ಹಾಗೇ ಇದೆ ಮೇಡಂ. ಮುಂದಿನ ವಾರ ಬರ್ತೀನಿ. ಆದ್ರೆ ಚಿಕ್ಕ ಮೇಡಂ ಒಬ್ಬರೇ ಮಾತಾಡ್ಲಿ," ಎಂದರು.

ಮುಂದಿನ ವಾರ ಮೇಘನಾಳ ಕಿವಿ ಬರಿದಾಗಿತ್ತು. ಪಕ್ಕದ ಕೋಣೆಯಲ್ಲಿ ನಾನು ಪರದೆ ನೋಡುತ್ತಾ ಕೈ ಕಟ್ಟಿ ಕೂತೆ. ಅವರು ಕಣ್ಣೊರೆಸಿಕೊಂಡಾಗ ಅವಳು ಒರೆಸಿಕೊಳ್ಳಲಿಲ್ಲ. ಅವರೇ ಮಾತಿಗೆ ಬರುವವರೆಗೂ ಸುಮ್ಮನೆ ಕಾದಳು. ತಾನೇ ಯೋಚಿಸಿ ಚೆನ್ನಾಗಿ ಪ್ರಶ್ನೆ ಕೇಳಿದಳು.

ಹೊರಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು.

"ಥ್ಯಾಂಕ್ಸ್ ಮೇಡಂ! ನೀವು ಇಷ್ಟು ಚೆನ್ನಾಗಿ ಗೈಡ್ ಮಾಡಿದ್ದು ಇದೇ ಮೊದಲು."

ನಾನು ಬಾಯೇ ತೆರೆದಿರಲಿಲ್ಲ!