ಭೀಕರರು ಯಾವ ಊರಿನವರು?

ಯಾರಾದರೂ ಒಬ್ಬರು ನನಗೆ ಹೆದರಬೇಕು ಎಂಬುದು ನನ್ನ ಬಹುದಿನದ ಆಸೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ತರಗತಿಗೆ ಕಾಲಿಟ್ಟರೆ ಮಕ್ಕಳು ನೆಮ್ಮದಿಯಾಗಿ ಊಟದ ಡಬ್ಬಿ ಬಿಚ್ಚುತ್ತಾರೆ. ಮನೆಯಲ್ಲಿ ಕೂಗಾಡಿದರೆ ಹೆಂಡತಿ ಸುಶೀಲಾ, "ಚಾ ಬೇಕಾಗಿತ್ತೇನ್ರಿ?" ಎನ್ನುತ್ತಾಳೆ. ಬಾಯಿಂದ ಆಗದ್ದನ್ನು ಬರಹದಿಂದಲಾದರೂ ಸಾಧಿಸೋಣವೆಂದು ಒಂದು ಕಾದಂಬರಿಗೆ ಕೈ ಹಾಕಿದೆ. ಏಳು ಬೆಟ್ಟಗಳಾಚೆ ಒಂದು ರಾಜ್ಯ, ಅದರ ಮೇಲೆ ಏರಿ ಬರುವ ಒಂದು ದೈತ್ಯ ಜನಾಂಗ. ಒಬ್ಬ ಓದುಗ ಹೆದರಿದರೂ ಸಾಕಿತ್ತು ನನಗೆ.

ಮೂರು ಕಣ್ಣು, ಮೊಣಕಾಲು ಮುಟ್ಟುವ ಕೈ, ಮೈತುಂಬ ಹುರುಪೆ ಎಲ್ಲ ಕೊಟ್ಟು ಜನಾಂಗವನ್ನೇನೋ ತಯಾರು ಮಾಡಿದೆ. ಹೆಸರೇ ಸಿಗಲಿಲ್ಲ. ರಾಕ್ಷಸ ಎನ್ನೋಣವೆಂದರೆ, ನಾಲ್ಕು ರೊಟ್ಟಿ ಹೆಚ್ಚಿಗೆ ತಿಂದ ಅಳಿಯನಿಗೂ ನಾವು ಹಾಗೆಯೇ ಅನ್ನುತ್ತೇವೆ. ಈಗಿನ ಇಂಥ ಕಾದಂಬರಿಗಳಲ್ಲಿ ದೈತ್ಯರಿಗೆ ಗಂಟಲಿನಿಂದ ಹೊರಡುವ ಹೆಸರು ಇಡುತ್ತಾರೆಂದು ಕೇಳಿ 'ಗ್ರೋಖ್' ಎಂದಿಟ್ಟೆ. ಗಟ್ಟಿಯಾಗಿ ಓದಿ ನೋಡಿದಾಗ ಸುಶೀಲಾ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟಳು. ಕೊನೆಗೆ 'ಭೀಕರರು' ಎಂದು ಬರೆದೆ. ನನ್ನ ಮೈ ನನಗೇ ಜುಮ್ಮೆಂದಿತು. ಅವರ ಹುಟ್ಟಿನ ಬಗ್ಗೆ ಒಂದೇ ಸಾಲು: 'ಅವರು ಎಲ್ಲಿಂದ ಬಂದರೆಂಬುದನ್ನು ಯಾರೂ ಅರಿಯರು.' ಗೊತ್ತಿಲ್ಲದ್ದಕ್ಕೇ ಅಲ್ಲವೇ ಮನುಷ್ಯ ಹೆದರುವುದು?

ಹಸ್ತಪ್ರತಿಯನ್ನು ಚಿಕ್ಕೋಡಿಯ ಡಿಟಿಪಿ ಅಂಗಡಿಯ ದಸ್ತಗೀರನಿಗೆ ಕೊಟ್ಟೆ. ಲಗ್ನಪತ್ರಿಕೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಸುತ್ತಲಿನ ಊರುಗಳ ಮನೆತನಗಳೆಲ್ಲ ಅವನಿಗೆ ಬಾಯಿಪಾಠ. ಎರಡೇ ದಿನಕ್ಕೆ ಫೋನು ಬಂತು.

"ಸರ್, ಅಂಕಲಿಯವರು ಅಂಕಲಿಕರ, ಚಿಂಚಲಿಯವರು ಚಿಂಚಲಿಕರ. ಈ ಭೀಕರ ಮಂದಿ ಯಾವೂರವರ್ರಿ? 'ಭೀ' ಅನ್ನೂ ಊರ ನಾ ಕೇಳೇ ಇಲ್ಲ. ಹೊಳಿ ಆಚೆ ಬರ್ತೈತೇನ್ರಿ?"

ಗಡಿಯ ಈ ಸೀಮೆಯಲ್ಲಿ ಊರಿನ ಹೆಸರಿಗೆ 'ಕರ' ಹಚ್ಚಿದರೆ ಅಡ್ಡಹೆಸರು ಸಿದ್ಧ. ಇಷ್ಟು ವರ್ಷ ಇಲ್ಲೇ ಇದ್ದೂ 'ಭೀಕರ'ದ ಕೊನೆಯಲ್ಲೂ ಅದೇ 'ಕರ' ಇದೆಯೆಂದು ನನಗೆ ಹೊಳೆದಿರಲಿಲ್ಲ. "ಅವರಿಗೆ ಊರು ಇಲ್ಲಪಾ" ಎಂದೆ.

"ಊರಿಲ್ಲದ ಅಡ್ಡಹೆಸರ ಹೆಂಗ ಬಂತ್ರಿ ಸರ್?" ಎಂದ. ನಾನು ಫೋನಿಟ್ಟೆ.

ಕರಡು ಬಂದಾಗ ನೋಡುತ್ತೇನೆ, 'ಭೀಕರರು' ಇದ್ದಲ್ಲೆಲ್ಲ 'ಭೀಕರ ಅವರು' ಆಗಿದೆ. ಬರೀ ಹೆಸರು ಅಚ್ಚು ಹಾಕಿದರೆ ಮಂದಿ ಮುನಿಸಿಕೊಳ್ಳುತ್ತಾರೆಂಬುದು ಲಗ್ನಪತ್ರಿಕೆ ಕಲಿಸಿದ ಪಾಠ. 'ಭೀಕರ ಅವರು ಕೋಟೆಯ ಬಾಗಿಲನ್ನು ಮುರಿದರು.' ಹೆಂಡಿರು ಮಕ್ಕಳೊಂದಿಗೆ ಅವರು ರಾಜಧಾನಿಗೆ ನುಗ್ಗುವ ನನ್ನ ಅತಿ ಘೋರ ಸಾಲು ಹೀಗಾಗಿತ್ತು: 'ಶ್ರೀ ಭೀಕರ ಅವರು ಸಹಕುಟುಂಬ ಸಹಪರಿವಾರ ಆಗಮಿಸಿದರು.' ನನಗೆ ಅಳು ಬಂದಿತು.

ಸುಶೀಲಾ ಮಾತ್ರ ಕರಡನ್ನು ಕೊನೆಯವರೆಗೂ ಓದಿದಳು. ನಾನು ಅವಳ ಮುಖವನ್ನೇ ನೋಡುತ್ತ ಕುಳಿತಿದ್ದೆ. "ಮನೆತನ ದೊಡ್ಡದಿದ್ದಂಗ ಐತಿ" ಎಂದಳು. "ಅಲ್ರಿ, ಇಷ್ಟ ಮಂದಿ ಅಷ್ಟ ದೂರದಿಂದ ಬಂದಾರ, ಆ ರಾಜಾ ಒಂದ ಕಪ್ ಚಾ ಸೈತ ಕೊಡಲಿಲ್ಲ. ಸಿಟ್ಟ ಬರೂದಿಲ್ಲೇನ ಅವರಿಗೆ?"

ಹೆದರುವುದಿರಲಿ, ದೈತ್ಯರ ಪರವಾಗಿಯೇ ನಿಂತಳು. ಒಂದು ವಾರ ಶಾಲೆಯಿಂದ ಬಂದವನೇ ಕೆಂಪು ಪೆನ್ನು ಹಿಡಿದು ಕುಳಿತು ಅಷ್ಟೂ 'ಅವರು'ಗಳನ್ನು ಹೊಡೆದುಹಾಕಿದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಭೀಕರ' ಎಂದು ಕಾದಂಬರಿಯ ಹೆಸರು, ಅದರ ಕೆಳಗೆ 'ಮಹಾದೇವ ಶಿವಪ್ಪ' ಎಂದು ನನ್ನ ಹೆಸರು ಬರೆದು ಕಳಿಸಿದೆ. ನನ್ನ ಅಡ್ಡಹೆಸರು ಹಾಕಲಿಲ್ಲ. ಸಾಹಿತಿಗೆ ಅದು ಶೋಭಿಸದು ಎಂಬ ಹಮ್ಮು.

ನಮ್ಮ ಕಡೆ ಶಾಲೆಯ ಹಾಜರಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹೆಸರು, ಆಮೇಲೆ ತಂದೆಯ ಹೆಸರು. ದಿನಾ ಹಾಗೆ ಕೂಗುವವನು ನಾನೇ, ನನಗೇ ಮರೆತಿತ್ತು. ಮೊನ್ನೆ ದಸ್ತಗೀರ ಮೊಬೈಲಿಗೆ ಕಳಿಸಿದ ಮುಖಪುಟದಲ್ಲಿ ಮೂರೂ ಪದ ಒಂದೇ ಸಾಲಿನಲ್ಲಿದ್ದವು: 'ಭೀಕರ ಮಹಾದೇವ ಶಿವಪ್ಪ'. ಮೇಲ್ಗಡೆ ಬಿಟ್ಟ ಖಾಲಿ ಜಾಗದಲ್ಲಿ ಸಣ್ಣಗೆ, 'ಪುಸ್ತಕದ ಹೆಸರು ತಿಳಿಸಿರಿ'.

ಸುಶೀಲಾ ನನ್ನ ಹೆಗಲ ಮೇಲಿಂದ ಅದನ್ನು ನೋಡಿದಳು. ಮುಖದ ಬಣ್ಣ ಇಳಿಯಿತು, ಕೈ ಎದೆಗೆ ಹೋಯಿತು. "ಅಯ್ಯ ನಮ್ಮವ್ವಾ! ಅಂದ್ರ ನಾನೂ ಭೀಕರ ಆದ್ನೇನ್ರಿ? ಐನಾಪುರದಾಗ ನಮ್ಮ ತವರಮನಿ ಮಂದಿಗೆ ಏನಂತ ಹೇಳ್ಲಿ?"

ನನ್ನ ಬರಹಕ್ಕೆ ಹೆದರಿದ ಮೊಟ್ಟಮೊದಲ ಓದುಗಿ! ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಫೋನು ಬಂತು.

"ಕವರ್ ನೋಡಿದ್ರೇನ್ರಿ ಭೀಕರ ಸರ್? ಹಿಂಗ ಇಡ್ಲೋ, ಬದಲಿ ಮಾಡ್ಲೋ?"

'ಹಾಗೇ ಇರಲಿ' ಎಂದು ಗುಡುಗಬೇಕೆನಿಸಿತು. ಸುಶೀಲಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು.

ನಾನು ಫೋನಿಗೆ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದೆ: "ಏನಂತ ಹೇಳ್ಲಿ?"