ಒಂದು ಕಣ್ಣಿನ ರೇಟು

ಸುಗುಣಾ: ನಿಮ್ಮ ಕೈ ಅಂತಲೇ ನಾನು ಹಿಡಿದದ್ದು.

ಮೋನಪ್ಪ: ಹಿಡಿದದ್ದು ಹಿಡಿದದ್ದಾಯ್ತು. ಕಡಲೆ ಸುಂಡಲ್ ಮಾರುವ ಗಾಡಿಯವರೆಗೆ ನಡೆಸಿಕೊಂಡು ಹೋದದ್ದು ಎಂತಕ್ಕೆ?

ಸುಗುಣಾ: ಮೊನ್ನೆ ಬೀಚಲ್ಲಿ ಕನ್ನಡಕ ಅಲೆಯಲ್ಲಿ ಹೋದ ಮೇಲೆ ನನಗೆ ಕಂಡದ್ದು ಒಂದು ನೀಲಿ ಅಂಗಿ ಮಾತ್ರ. ನಿಮ್ಮದೂ ನೀಲಿ, ಆ ಮನುಷ್ಯನದ್ದೂ ನೀಲಿ.

ಮೋನಪ್ಪ: ಕೈ ಹಿಡಿದಾಗ ಗೊತ್ತಾಗುದಿಲ್ವ? ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು.

ಸುಗುಣಾ: ಇವತ್ತು ಕೈ ಸ್ವಲ್ಪ ಮೆತ್ತಗೆ ಉಂಟಲ್ಲ ಅಂತ ಅನ್ನಿಸಿತು. ಸಮುದ್ರದ ನೀರಿಗೆ ಇರಬಹುದು ಅಂತ ಬಿಟ್ಟೆ.

ಪ್ರಣಮ್ಯಾ: ಆ ಅಂಕಲ್ ರೊಂಬ ಪಾವಂ, ತುಂಬಾ ಪಾಪ ಅಪ್ಪಾ. ಅಮ್ಮ ದಾರಿಯುದ್ದಕ್ಕೂ ಬೈದಿದ್ದಾರೆ. ಅವರು ಒಂದು ಮಾತು ತಿರುಗಿ ಹೇಳಲಿಲ್ಲ.

ಸುಗುಣಾ: ಅದರಿಂದಲೇ ನಾನು ಮೋಸ ಹೋದದ್ದು. ಬೈದರೆ ಸುಮ್ಮನೆ ಬರುವವರು ಇವರೇ ಅಂತ ಗ್ಯಾರಂಟಿ ಮಾಡಿಕೊಂಡೆ.

ತ್ರಿಪ್ಲಿಕೇನಿನಲ್ಲಿ ಮೋನಪ್ಪನ ಹೋಟೆಲಿಗೆ ದಿನದಲ್ಲಿ ಒಂದೇ ಒಂದು ಗಂಟೆ ಬಿಡುವು. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ಬಜ್ಜಿಗೆ ಎಣ್ಣೆ ಇನ್ನೂ ಒಲೆ ಏರದ ಆ ಗಂಟೆಯಲ್ಲಿ ಅವನು ಗಲ್ಲಾದ ಮುಂದೆ ಕೂತು ಕಣ್ಣು ಮುಚ್ಚುವುದು ವಾಡಿಕೆ. ಇವತ್ತು ಹೆಂಡತಿಯೂ ಮಗಳೂ ಸೇರಿ ಅವನ ಕಣ್ಣು ತೆರೆಸಲು ನಿಂತಿದ್ದರು. ಸುಗುಣಾ ಮೂಗಿನ ಮೇಲಿಟ್ಟದ್ದು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದ ಹಳೇ ಕನ್ನಡಕ. ಅದರ ಒಂದು ಕಾಲು ಮುರಿದು, ಹೂ ಕಟ್ಟುವ ದಾರದಲ್ಲಿ ಬಿಗಿಯಲಾಗಿತ್ತು. ಕಾಲೇಜಿನಿಂದ ಬಂದ ಪ್ರಣಮ್ಯಾಳ ಕೈಯಲ್ಲಿ ಕಣ್ಣಾಸ್ಪತ್ರೆಯವರು ಕೊಟ್ಟ ಬಣ್ಣದ ಕಾಗದವಿತ್ತು. ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬರುವುದಿತ್ತು. ಲೇಸರ್ ಮಾಡಿಸುತ್ತೀರಾ ಇಲ್ಲವಾ, ಮಾಡಿಸಿದರೆ ಯಾವುದು ಎಂದು ಅಷ್ಟರೊಳಗೆ ಹೇಳಬೇಕು.

ಮೋನಪ್ಪ: ಮೊದಲು ಪರೀಕ್ಷೆ ಮಾಡ್ಬೇಡ್ವ? ಕಣ್ಣು ಆಗ್ತದಾ ಇಲ್ವಾ ಅಂತ ನೋಡ್ಬೇಡ್ವ?

ಪ್ರಣಮ್ಯಾ: ಎಲ್ಲಾ ಟೆಸ್ಟ್ ಆಯ್ತು ಅಪ್ಪಾ. ಶನಿವಾರವೇ. ಕಾರ್ನಿಯಾ ಸೂಪರಾಗಿ ದಪ್ಪ ಇದೆಯಂತೆ.

ಮೋನಪ್ಪ: ಶನಿವಾರ ನೀವಿಬ್ಬರೂ ದೇವಸ್ಥಾನಕ್ಕೆ ಹೋದದ್ದಲ್ವ?

ಸುಗುಣಾ: ಹೋಗುವ ದಾರಿಯಲ್ಲಿ ದೇವಸ್ಥಾನವೂ ಇತ್ತು.

ಮೋನಪ್ಪ ಜಿಪುಣನಲ್ಲ, ಆ ಮಾತು ಮೊದಲೇ ಹೇಳಿಬಿಡಬೇಕು. ಹಿಟ್ಟು ರುಬ್ಬುವ ಯಂತ್ರಕ್ಕೆ ಕಳೆದ ವರ್ಷ ಒಂದು ಲಕ್ಷ ಸುರಿಯುವಾಗ ಅವನು ಎರಡನೇ ಸಲ ಯೋಚಿಸಿದ್ದಿಲ್ಲ. ಆದರೆ ಸೂಜಿ, ಕತ್ತರಿ, ಚಿಮುಟ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವನ ಕೈಕಾಲು ತಣ್ಣಗಾಗುತ್ತದೆ. ಮದುವೆಗೆ ಮುಂಚೆ ಒಮ್ಮೆ ದವಡೆ ಹಲ್ಲು ಕೀಳಿಸಿಕೊಂಡು ಎರಡು ದಿನ ಬಾಯಿ ತೆರೆದಿರಲಿಲ್ಲ. ಹಲ್ಲಿಗೇ ಹಾಗಾದರೆ ಕಣ್ಣಿಗೆ ಹೇಗೆ? ಹೆದರಿಕೆ ಎಂದು ಒಪ್ಪಿಕೊಳ್ಳುವ ಗಂಡಸು ಅವನಲ್ಲದ ಕಾರಣ ದುಡ್ಡಿನ ಮಾತು ಎತ್ತಿದ.

ಮೋನಪ್ಪ: ಸರಿ, ಓದು. ಎಂತೆಂತ ಉಂಟು, ಎಷ್ಟೆಷ್ಟು ಉಂಟು?

ಪ್ರಣಮ್ಯಾ: ಮೂರು ಆಪ್ಷನ್. ಫಸ್ಟ್ ಒಂದು, ಕಣ್ಣಿನ ಮೇಲಿನ ತೆಳು ಪದರ ಕೆರೆದು ತೆಗೆದು ಲೇಸರ್ ಹಾಕ್ತಾರೆ. ಪದರ ತಾನಾಗಿ ಬೆಳೆಯುತ್ತೆ. ನಾಲ್ಕು ದಿನ ಉರಿ ಇರುತ್ತೆ. ಹದಿನೆಂಟು ಸಾವಿರ.

ಮೋನಪ್ಪ: ಕೆರೆಯುದಾ?

ಪ್ರಣಮ್ಯಾ: ಸೆಕೆಂಡ್, ಪದರವನ್ನು ಮುಚ್ಚಳದ ಹಾಗೆ ಎತ್ತಿ, ಒಳಗೆ ಲೇಸರ್ ಹಾಕಿ, ಮತ್ತೆ ಮುಚ್ತಾರೆ. ಇಪ್ಪತ್ತೆಂಟು ಸಾವಿರ.

ಮೋನಪ್ಪ: ಮಸಾಲೆ ದೋಸೆ.

ಪ್ರಣಮ್ಯಾ: ಏನಪ್ಪಾ?

ಮೋನಪ್ಪ: ದೋಸೆ ಎತ್ತಿ, ಪಲ್ಯ ಇಟ್ಟು, ಮಡಚುದು. ನನಗೆ ಅರ್ಥ ಆಯ್ತು. ಮುಂದೆ ಓದು.

ಪ್ರಣಮ್ಯಾ: ಥರ್ಡ್, ಮುಚ್ಚಳವೇ ಇಲ್ಲ. ಬದಿಯಲ್ಲಿ ಚಿಕ್ಕದಾಗಿ ಸೀಳಿ, ಒಳಗಿನಿಂದ ಒಂದು ಚೂರು ಎಳೆದು ತೆಗೀತಾರೆ. ಐವತ್ತೆರಡು ಸಾವಿರ.

ಮೋನಪ್ಪ: ಕಡಿಮೆ ಕೊಯ್ದರೆ ಹೆಚ್ಚು ದುಡ್ಡಾ?

ಪ್ರಣಮ್ಯಾ: ಟೆಕ್ನಾಲಜಿ ಅಪ್ಪಾ.

ಮೋನಪ್ಪ: ಎಷ್ಟು ಹೊತ್ತು ಬೇಕು ಇದಕ್ಕೆಲ್ಲ?

ಪ್ರಣಮ್ಯಾ: ಲೇಸರ್ ಓಡೋದು ಅರ್ಧ ನಿಮಿಷ.

ಮೋನಪ್ಪ ಗೋಡೆಯ ಗಡಿಯಾರ ನೋಡಿದ. ಸೆಕೆಂಡಿನ ಮುಳ್ಳು ಆರರಿಂದ ಹನ್ನೆರಡಕ್ಕೆ ಹೋಗುವವರೆಗೆ ಸುಮ್ಮನಿದ್ದ.

ಮೋನಪ್ಪ: ಇಷ್ಟೇ ಹೊತ್ತು. ಇಷ್ಟು ಹೊತ್ತಲ್ಲಿ ನಮ್ಮಲ್ಲಿ ದೋಸೆ ಒಂದು ಬದಿ ಬೇಯುದಿಲ್ಲ. ಆ ದೋಸೆಗೆ ಎಪ್ಪತ್ತು ರೂಪಾಯಿ ತೆಗೊಂಡರೆ ಗಿರಾಕಿ ಮುಖ ನೋಡ್ತಾನೆ.

ಸುಗುಣಾ: ನಾನು ಎರಡನೇದು ಮಾಡಿಸ್ತೇನೆ. ನಡುವಿನದು. ಇಪ್ಪತ್ತೆಂಟು ಸಾವಿರ ದೊಡ್ಡದಲ್ಲ.

ಮೋನಪ್ಪ ಗಲ್ಲ ಕೆರೆದುಕೊಂಡ. ಇಪ್ಪತ್ತೆಂಟಕ್ಕೆ ಅವನ ಮನಸ್ಸು ಒಳಗೊಳಗೇ ಇಳಿಯತೊಡಗಿತ್ತು. ಆಗ ಅವನ ಕಣ್ಣು ಕಾಗದದ ಅಡಿಯಲ್ಲಿದ್ದ ಸಣ್ಣ ನಕ್ಷತ್ರದ ಮೇಲೆ ಬಿತ್ತು. ಸರಕಿನ ಬಿಲ್ಲುಗಳಲ್ಲಿ ಅಂಥ ನಕ್ಷತ್ರ ಕಂಡು ಕಂಡು ಪಳಗಿದ ಕಣ್ಣು ಅದು.

ಮೋನಪ್ಪ: ಈ ನಕ್ಷತ್ರ ಎಂತ ಹೇಳ್ತದೆ?

ಪ್ರಣಮ್ಯಾ: ಅದು... ಪರ್ ಐ, ಅಪ್ಪಾ.

ಮೋನಪ್ಪ: ಅಂದ್ರೆ?

ಪ್ರಣಮ್ಯಾ: ಒಂದು ಕಣ್ಣಿಗೆ.

ಮೋನಪ್ಪ: ಒಂದು ಕಣ್ಣಿಗಾ? ಇಡ್ಲಿಗೆ ಬೇರೆ, ಚಟ್ನಿಗೆ ಬೇರೆ ಬಿಲ್ಲು ಹಾಕಿದ ಹಾಗಾಯ್ತಲ್ಲ ಮಾರಾಯ್ತಿ. ಒಂದೇ ಕಣ್ಣಿಟ್ಟುಕೊಂಡು ಯಾರಾದರೂ ಆಸ್ಪತ್ರೆಗೆ ಬರ್ತಾರಾ?

ಸುಗುಣಾ: ಎರಡಕ್ಕೆ ಐವತ್ತಾರು. ಆಗಲಿ.

ಮೋನಪ್ಪ: ಒಂದು ಈಗ ಮಾಡಿಸು. ಇನ್ನೊಂದು ದೀಪಾವಳಿ ಕಳೆದು ನೋಡುವ.

ಸುಗುಣಾ: ಅಲ್ಲಿಯವರೆಗೆ ಕನ್ನಡಕದ ಒಂದು ಗಾಜು ಒಡೆದು ಹಾಕಿಕೊಳ್ಳುದಾ?

ಮೋನಪ್ಪ: ಮತ್ತೆ ಆ ಲೆನ್ಸ್ ಇರ್ತದಲ್ಲ, ಕಣ್ಣೊಳಗೆ ಇಡುದು? ಸಾವಿರ ರೂಪಾಯಿ.

ಸುಗುಣಾ: ಒಗ್ಗರಣೆ ಘಾಟಲ್ಲಿ ನಿಂತು ಮೆಣಸಿನ ಕೈಯಲ್ಲಿ ಕಣ್ಣೊಳಗೆ ಬೆರಳು ಹಾಕುದು ನಾನು. ಸಾವಿರ ರೂಪಾಯಿ ಉಳಿಸುದು ನೀವು.

ಪ್ರಣಮ್ಯಾ: ಅಪ್ಪಾ, ಇನ್ನೊಂದು ಮ್ಯಾಟರ್ ಇದೆ. ಅಮ್ಮನಿಗೆ ನಲವತ್ತಾರು ಅಲ್ವಾ? ದೂರದ್ದೆಲ್ಲ ಕ್ಲಿಯರ್ ಆಗುತ್ತೆ. ಆದರೆ ಓದೋದಕ್ಕೆ ಕನ್ನಡಕ ಬೇಕಾಗುತ್ತೆ ಅಂದರು ಡಾಕ್ಟರ್. ಈಗ ಅಮ್ಮ ಕನ್ನಡಕ ತೆಗೆದು ಓದ್ತಾರಲ್ಲ, ಆಮೇಲೆ ಹಾಕಿ ಓದಬೇಕು.

ಮೋನಪ್ಪನ ಮುಖ ಅರಳಿತು. ಗೆದ್ದೆ ಎಂದು ತಿಳಿದವನ ಸಂತೋಷವನ್ನು ಅಡಗಿಸಲು ಅವನಿಗೆ ಎಂದೂ ಬಂದದ್ದಿಲ್ಲ.

ಮೋನಪ್ಪ: ಕೇಳಿದಿಯಾ? ಐವತ್ತಾರು ಸಾವಿರ ಕೊಟ್ಟು ಕನ್ನಡಕ ತೆಗೆಯುದು, ಮತ್ತೆ ಐನೂರು ಕೊಟ್ಟು ಇನ್ನೊಂದು ಹಾಕುದು.

ಪ್ರಣಮ್ಯಾ: ಅದಕ್ಕೂ ದಾರಿ ಇದೆಯಂತೆ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಸೆಟ್ ಮಾಡ್ತಾರೆ.

ಮೋನಪ್ಪ: ಒಂದು ಕಣ್ಣು ಹೊರಗಿನ ಗಿರಾಕಿಗೆ, ಒಂದು ಕಣ್ಣು ಅಡುಗೆಮನೆಗೆ. ಮತ್ತೆ ನನ್ನನ್ನು ಯಾವುದರಲ್ಲಿ ನೋಡುದು?

ಸುಗುಣಾ: ನೀವು ಎಷ್ಟು ದೂರ ಕೂತಿದ್ದೀರಿ ಅಂತ ನೋಡಿ ಹೇಳ್ತೇನೆ. ನನಗೆ ಆ ಸೆಟ್ಟಿಂಗ್ ಬೇಡ. ಎರಡೂ ದೂರಕ್ಕೇ ಇರಲಿ.

ಮೋನಪ್ಪ: ದೂರದ್ದು ಎಂತ ನೋಡ್ಲಿಕ್ಕುಂಟು ನಿನಗೆ?

ಸುಗುಣಾ ದಾರ ಕಟ್ಟಿದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಬೇಕಾದಷ್ಟು ಕೊಳೆ ಅದರಲ್ಲಿ ಇರಲಿಲ್ಲ.

ಸುಗುಣಾ: ಸಮುದ್ರ. ಹುಟ್ಟಿದ್ದು ಸಮುದ್ರದ ಬದಿ, ಮದುವೆಯಾಗಿ ಬಂದದ್ದೂ ಸಮುದ್ರದ ಬದಿ. ನೀರಿಗಿಳಿಯುವಾಗೆಲ್ಲ ಅಲೆ ಎಳೆದುಕೊಂಡು ಹೋಗ್ತದೆ ಅಂತ ಕನ್ನಡಕ ಕಳಚಿ ಯಾರ ಕೈಗಾದರೂ ಕೊಡುದು. ಮೊಣಕಾಲು ನೀರಲ್ಲಿ ನಿಂತು ಒಂದು ಅಲೆ ಹುಟ್ಟುದನ್ನು, ಬರುದನ್ನು, ಒಡೆಯುದನ್ನು ನಾನು ಈವರೆಗೆ ನೋಡ್ಲಿಲ್ಲ. ಮೊನ್ನೆ ಬೆಸೆಂಟ್ ನಗರದಲ್ಲಿ, ಒಮ್ಮೆ ನೋಡಿಯೇ ಬಿಡುವ ಅಂತ ಹಾಕಿಕೊಂಡೇ ಇಳಿದೆ. ಅರ್ಧ ಅಲೆ ಕಂಡಿತು. ಉಳಿದರ್ಧ ಕನ್ನಡಕ ತೆಗೊಂಡು ಹೋಯ್ತು.

ಆ ಅರ್ಧ ಅಲೆಯ ಹೊತ್ತಿಗೆ ತಾನು ಜೋಳ ಸುಡುವವನ ಹತ್ತಿರ ಖಾರ ಹೆಚ್ಚು ಹಚ್ಚು ಎಂದು ಹೇಳುತ್ತಿದ್ದುದು ನೆನಪಾಗಿ ಮೋನಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವನು ತಮಾಷೆ ಮಾಡುತ್ತಾನೆ, ಅದು ಅವನ ಸ್ವಭಾವ. ಇವತ್ತು ಅದೇ ಅವನನ್ನು ಕೆಡಿಸಿತು.

ಮೋನಪ್ಪ: ಇದೇ ಕಣ್ಣಲ್ಲಿ ನನ್ನನ್ನು ನೋಡಿ ಒಪ್ಪಿದೆಯಲ್ಲ. ಎಂತ ಕಡಿಮೆಯಾಯ್ತು?

ಸುಗುಣಾ: ನೋಡಿ ಒಪ್ಪಿದೆ ಅಂತ ಯಾರು ಹೇಳಿದ್ದು ನಿಮಗೆ?

ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಇತ್ತು.

ಸುಗುಣಾ: ಹುಡುಗನ ಕಡೆಯವರು ಬಂದರು ಅನ್ನುವಾಗ ಚಿಕ್ಕಮ್ಮ ನನ್ನ ಕನ್ನಡಕ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹಾಕಿದ್ರು. ಕನ್ನಡಕದ ಹುಡುಗಿ ಅಂತ ಗೊತ್ತಾದ್ರೆ ಎದ್ದು ಹೋಗ್ತಾರೆ ಅಂತ. ತಿಂಡಿ ತಟ್ಟೆ ಹಿಡಿದು ಹೊರಗೆ ಬಂದೆ. ಬೆಂಚಿನ ಮೇಲೆ ಎರಡು ಅಂಗಿ. ಒಂದು ಬಿಳಿ, ಒಂದು ಹಳದಿ. ಮುಖ ಇರಬೇಕಾದ ಜಾಗದಲ್ಲಿ ಎಂತದೂ ಕಾಣ್ಲಿಲ್ಲ.

ಪ್ರಣಮ್ಯಾ: ಅಮ್ಮಾ, ಸೀರಿಯಸ್ಸಾ? ಮುಖ ನೋಡದೇ ಓಕೆ ಹೇಳಿದಿರಾ?

ಸುಗುಣಾ: ಕಿವಿ ಇತ್ತಲ್ಲ. ಒಂದು ಅಂಗಿ ಕೇಳಿತು, "ಈ ಚಟ್ನಿ ಅರೆದದ್ದು ಯಾರು? ಒಗ್ಗರಣೆ ಸರಿಯಾದ ಹೊತ್ತಿಗೆ ಬಿದ್ದಿದೆ" ಅಂತ. ಒಗ್ಗರಣೆಯ ಹೊತ್ತು ಗೊತ್ತಿರುವ ಗಂಡಸು ಹೆಂಡತಿಯ ಮನಸ್ಸೂ ತಿಳಿದಾನು ಅಂತ ಅನ್ನಿಸಿತು. ರಾತ್ರಿ ಅಪ್ಪ ಕೇಳಿದಾಗ ಆಯ್ತು ಅಂದೆ.

ಪ್ರಣಮ್ಯಾ: ಅಪ್ಪಾ, ಸೋ ಸ್ವೀಟ್.

ಮೋನಪ್ಪನ ಎದೆ ಒಂದು ಕ್ಷಣ ಉಬ್ಬಿತು. ಮರುಕ್ಷಣ ಅವನ ನಾಲಿಗೆ ತಾನಾಗಿ ಬಲಗಡೆಯ ದವಡೆಗೆ ಹೋಗಿ, ಹಲ್ಲಿಲ್ಲದ ಆ ಜಾಗವನ್ನು ಮುಟ್ಟಿತು. ಹೆಣ್ಣು ನೋಡಲು ಹೋದದ್ದು ಹಲ್ಲು ಕೀಳಿಸಿದ ಮರುದಿನ. ಬಾಯಿ ತುಂಬ ಹತ್ತಿ ಇತ್ತು. ಅವನು ಚಟ್ನಿ ತಿಂದೇ ಇರಲಿಲ್ಲ, ಮಾತು ಎಲ್ಲಿಂದ ಬಂತು? ಅಂದು ಜೊತೆಗೆ ಬಂದು, ಇಬ್ಬರ ಪಾಲಿನ ತಿಂಡಿಯನ್ನೂ ತಿಂದು, ಇಬ್ಬರ ಪಾಲಿನ ಮಾತನ್ನೂ ಆಡಿದವನು ದೊಡ್ಡಪ್ಪನ ಮಗ ಐತ. ಈಗ ಪ್ಯಾರೀಸ್ ಕಾರ್ನರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿರುವ, ಪ್ರತಿ ಗುರುವಾರ ಹೋಟೆಲಿಗೆ ಬಂದು ಚಟ್ನಿಯನ್ನು ಮೂರು ಸಲ ಹಾಕಿಸಿಕೊಳ್ಳುವ ಐತ. ಮೂರೂ ಸಲ ಒಳಗಿನಿಂದ ತಂದು ಹಾಕುವವಳು ಸುಗುಣಾ ಎಂಬುದು ಮೋನಪ್ಪನಿಗೆ ಈಗಲೇ ಯಾಕೆ ನೆನಪಾಗಬೇಕಿತ್ತೋ.

ಹೇಳಿಬಿಡಲೇ ಎಂದುಕೊಂಡ. ಇಪ್ಪತ್ತೈದು ವರ್ಷದ ಸಂಸಾರ ಐತನ ಒಂದು ಮಾತಿನ ಮೇಲೆ ನಿಂತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಫೋನ್ ಬಡಿದುಕೊಂಡಿತು. ಪ್ರಣಮ್ಯಾ ಕೈ ಚಾಚುವ ಮೊದಲೇ ಮೋನಪ್ಪ ಎತ್ತಿದ.

ಮೋನಪ್ಪ: ಆಮಾ ಮೇಡಂ, ಸುಗುಣಾ ವೀಡುದಾನ್, ಸುಗುಣಾ ಮನೆಯೇ. ಮೂರನೇದು. ಮೂಣಾವದು. ಎರಡು ಕಣ್ಣೂ. ಡಿಸ್ಕೌಂಟ್ ಎಲ್ಲಾ ಬೇಡ, ಒಳ್ಳೇ ಡಾಕ್ಟರ್ ಇದ್ರೆ ಸಾಕು.

ಫೋನ್ ಇಟ್ಟ. ಹಣೆಯ ಬೆವರು ಒರೆಸಿಕೊಂಡ.

ಪ್ರಣಮ್ಯಾ: ಅಪ್ಪಾ, ಒಂದು ಲಕ್ಷದ ನಾಲ್ಕು ಸಾವಿರ. ಅಮ್ಮ ಕೇಳಿದ್ದು ಎರಡನೇದು.

ಮೋನಪ್ಪ: ಇರಲಿ. ಅವಳ ಕಣ್ಣಿಗಿಂತ ಹೆಚ್ಚಾ?

ಸುಗುಣಾ: ಬಾಯಿ ತುಂಬ ಹತ್ತಿ ಇಟ್ಟುಕೊಂಡು ಬಂದವರು ಚಟ್ನಿ ಹೊಗಳ್ಲಿಕ್ಕಿಲ್ಲ ಅಂತ ನನಗೆ ಗೊತ್ತುಂಟು. ಅಷ್ಟು ಬೆವರುದು ಬೇಡ.

ಮೋನಪ್ಪ: ಗೊತ್ತಿತ್ತಾ? ಯಾವಾಗಿಂದ?

ಸುಗುಣಾ: ಮದುವೆ ದಿನದಿಂದ. ಧಾರೆ ಮುಗಿದು ಊಟಕ್ಕೆ ಕೂತಾಗ ಇನ್ನು ಯಾರೂ ಎದ್ದು ಹೋಗುವ ಹಾಗಿಲ್ಲ ಅಂತ ಕನ್ನಡಕ ತರಿಸಿ ಹಾಕಿಕೊಂಡೆ. ಎದುರು ಪಂಕ್ತಿಯಲ್ಲಿ ಐತಣ್ಣ ಬಾಯಿ ತೆರೆದರು, ಅದೇ ಧ್ವನಿ. ತಲೆಯೇ ತಿರುಗಿತು. ಮತ್ತೆ ತಿರುಗಿ ಪಕ್ಕದಲ್ಲಿ ಕೂತವರನ್ನು ನೋಡಿದೆ.

ಮೋನಪ್ಪ: ನೋಡಿ?

ಸುಗುಣಾ: ನೀವು ನನ್ನ ಎಲೆ ನೋಡ್ತಾ ಇದ್ರಿ. ನನ್ನ ಎಲೆಗೆ ಪಾಯಸ ಬರ್ಲಿಲ್ಲ ಅಂತ ನಿಮ್ಮ ಪಾಯಸ ಮುಟ್ಟದೆ ಕೂತಿದ್ರಿ. ಇರಲಿ, ಇವರೇ ಆಗಬಹುದು ಅಂತ ಅನ್ನಿಸಿತು.

ಐತನ ಮೇಲೆ ಮೋನಪ್ಪನಿಗಿದ್ದ ಸಿಟ್ಟೆಲ್ಲ ಇಳಿದು, ಮುಂದಿನ ಗುರುವಾರ ಅವನಿಗೆ ನಾಲ್ಕನೇ ಸಲವೂ ಚಟ್ನಿ ಹಾಕಿಸಬಹುದು ಎಂಬಷ್ಟು ಉದಾರ ಬುದ್ಧಿ ಬಂತು. ಆದರೂ ಒಂದು ಲಕ್ಷದ ನಾಲ್ಕು ಸಾವಿರ ಮಾತ್ರ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಮೋನಪ್ಪ: ಎಲ್ಲಾ ಗೊತ್ತಿದ್ದೂ ಈ ಕಥೆಯನ್ನು ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೇಳಿದ್ದು ಎಂತಕ್ಕೆ?

ಸುಗುಣಾ ದಾರ ಕಟ್ಟಿದ ಕನ್ನಡಕವನ್ನು ಮತ್ತೆ ಮೂಗಿಗೇರಿಸಿ, ಬಜ್ಜಿಗೆ ಎಣ್ಣೆ ಇಡಲು ಒಳಗೆ ಹೊರಟಳು. ಬಾಗಿಲಲ್ಲಿ ನಿಂತು ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

ಸುಗುಣಾ: ಮದುವೆ ಊಟದಲ್ಲಿ ನಿಮ್ಮನ್ನು ಒಪ್ಪಿದ್ದು ಕನ್ನಡಕದಲ್ಲಿ ನೋಡಿ ಅಲ್ವಾ? ಅಡ್ವಾನ್ಸ್ ಕಟ್ಟಿ ಬನ್ನಿ. ಹೊಸ ಕಣ್ಣು ಬಂದ ಮೇಲೆ ಮೊದಲು ಸಮುದ್ರ ನೋಡ್ತೇನೆ, ಮತ್ತೆ ನಿಮ್ಮನ್ನು ಇನ್ನೊಮ್ಮೆ ನೋಡಿ ಹೇಳ್ತೇನೆ.